ರೋಗನಾಮ ವಿಚಾರ: ಮಂಗ, ಉಣ್ಣೆ, ಬೂಷ್ಟು

(೧)

ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಕಾನಸೂರೆಂಬ ಗ್ರಾಮವುಂಟು. ಸಿದ್ದಾಪುರ ತಾಲೂಕಿನ ಎಲ್ಲೆಯನ್ನು ದಾಟಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕನ್ನು ಹೊಕ್ಕರೆ ಅಲ್ಲಿ ಕ್ಯಾಸನೂರೆಂಬ ಇನ್ನೊಂದು ಗ್ರಾಮವುಂಟು. ಈ ಎರಡು ಹೆಸರುಗಳಲ್ಲಿಯೂ ಕಕಾರ, ನಕಾರ, ಸಕಾರ, ರಕಾರಗಳೇ ಇವೆ; ನಕಾರ ಸಕಾರಗಳ ಸ್ಥಾನ ಅದಲುಬದಲಾಗಿದೆ, ಎರಡನೆಯದರಲ್ಲಿ ಒಂದು ಯಕಾರ ಹೆಚ್ಚಾಗಿದೆ, ಅಷ್ಟೇ ಭೇದ. ಆದರೆ ಕ್ಯಾಸನೂರಿನ ಹೆಸರು ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗಿದೆ. ಕಾನಸೂರನ್ನು ಸುತ್ತಲಿನ ತಾಲೂಕುಗಳವರು ಬಲ್ಲರು. ಒಂದು ರೋಗವು ಮೊದಲು ಗುರುತಿಗೆ ಬಂದ ಸ್ಥಳದ ಹೆಸರನ್ನು ಹೊತ್ತುದೇ ಇದಕ್ಕೆ ಕಾರಣ. ರೋಗವಾದರೋ ಹೆಸರಿನ ಎಲ್ಲೆಯನ್ನು ಗಣಿಸಲಿಲ್ಲ. ೨೦೨೪ರ ಆರಂಭದ ತಿಂಗಳುಗಳಲ್ಲಿ ಸಿದ್ದಾಪುರ ತಾಲೂಕಿನ ಹಳ್ಳಿಗಳೇ ಅದರ ಉಪದ್ರವಕ್ಕೆ ಹೆಚ್ಚಾಗಿ ಗುರಿಯಾದುವು.

ವೈದ್ಯಗ್ರಂಥಗಳಲ್ಲಿ ಇದು ‘ಕ್ಯಾಸನೂರು ಕಾಡಿನ ಕಾಯಿಲೆ’. ಕನ್ನಡಿಗರ ಬಾಯಲ್ಲಿ ‘ಮಂಗನ ಕಾಯಿಲೆ’. ಪ್ರಕೃತದಲ್ಲಿ ವಿಮರ್ಶೆಗೆ ವಿಷಯವಾಗಿರುವುದು ಕಾವ್ಯವೂ ಅಲ್ಲ, ಶಾಸನವೂ ಅಲ್ಲ. ಎರಡು ಪದಗಳ ಈ ಹೆಸರು. ಇಷ್ಟು ಅಲ್ಪವಾದ ವಸ್ತುವಿಗೆ ವಿಮರ್ಶೆಯೇಕೆಂದು ಕೇಳಬಹುದು. ಒಂದು ರೋಗವನ್ನು ಕುರಿತು ವಿದ್ವಾಂಸರು ಬರೆದ ಗ್ರಂಥವನ್ನು ಓದುವವರು ಕೆಲವರು. ಅದರ ಹೆಸರನ್ನು ಕೇಳುವವರು ಎಲ್ಲರೂ. ಕಾಡಿಗೆ ಸೊಪ್ಪಿಗೆಂದು ಹೋಗುವವನು ಯಾವುದಕ್ಕೆ ಅಂಜಬೇಕು, ಯಾವುದನ್ನು ಹುಡುಕಬೇಕು ಎಂಬುದನ್ನು ಬಹುಮಟ್ಟಿಗೆ ಆ ಹೆಸರೇ ನಿರ್ಣಯಿಸುತ್ತದೆ. ಆದುದರಿಂದ ಆ ಹೆಸರು ಎಷ್ಟರಮಟ್ಟಿಗೆ ಅರ್ಥವನ್ನು ತೋರಿಸುತ್ತದೆ, ಎಷ್ಟರಮಟ್ಟಿಗೆ ಮರೆಸುತ್ತದೆ ಎಂಬುದು ಶಬ್ದಾರ್ಥವಿಚಾರದಲ್ಲಿ ಪರಿಶ್ರಮವುಳ್ಳವರು ಪರೀಕ್ಷಿಸತಕ್ಕ ವಿಷಯವೇ ಆಗಿದೆ.

(೨)

ಮೊದಲು ಹೆಸರು ಹುಟ್ಟಿದ ಬಗೆಯನ್ನು ನೋಡಬೇಕು. ೧೯೫೭ರ ಮಾರ್ಚ್ ತಿಂಗಳ ಸುಮಾರಿಗೆ ಸೊರಬ ಸೀಮೆಯ ಕಾಡುಗಳಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಸುದ್ದಿ ಹಬ್ಬಿತು. ಅದೇ ಕಾಡುಗಳ ಅಂಚಿನ ಹಳ್ಳಿಗಳಲ್ಲಿ ಜನರೂ ತೀವ್ರವಾದ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದಿದ್ದರು. ಕೆಲವರಿಗೆ ರಕ್ತಸ್ರಾವವಾಗಿ ಪ್ರಾಣವೂ ಹೋಯಿತು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ವಿಜ್ಞಾನಿಗಳು ಬಂದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಮರಣವು ಹಳದಿ ಜ್ವರದ ಮುನ್ಸೂಚನೆಯಾಗುವುದು ತಿಳಿದಿದ್ದ ಸಂಗತಿ. ಆ ಜ್ವರ ಭಾರತಕ್ಕೆ ಬಂದಿರಲಿಲ್ಲ. ಈಗ ಬಂದಿತೇ ಎಂಬ ಭೀತಿಯೇ ಆ ತ್ವರೆಗೆ ಕಾರಣ. ಪರೀಕ್ಷೆಯಿಂದ ತಿಳಿದುಬಂದುದು ಬೇರೆ. ಸತ್ತ ಮಂಗಗಳಲ್ಲಿಯೂ ರೋಗಿಗಳ ರಕ್ತದಲ್ಲಿಯೂ ಕಂಡ ವೈರಸ್ ಹೊಸದು. ರಷ್ಯಾ ದೇಶದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಅದು ಜ್ಞಾತಿ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಎಂಬ ವಿದ್ವಾಂಸರು ಆ ವರ್ಷವೇ ಇದನ್ನು ಪ್ರಕಟಪಡಿಸಿದರು.

ಈ ಜ್ಞಾತಿತ್ವದಿಂದ ಇನ್ನೊಂದು ಶಂಕೆ ಹುಟ್ಟಿತು: ಉತ್ತರದೇಶಗಳಿಂದ ಪ್ರತಿವರ್ಷ ವಲಸೆ ಬರುವ ಹಕ್ಕಿಗಳ ಮೈಮೇಲೆ ಉಣ್ಣೆಗಳು ಬಂದು ಈ ರೋಗವನ್ನು ತಂದಿರಬಹುದೇ? ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬೊಂಬಾಯಿಯ ಪ್ರಕೃತಿವಿಜ್ಞಾನ ಸಂಘವು ಸಲೀಂ ಅಲಿಯವರ ಮುಂದಾಳುತನದಲ್ಲಿ ೧೯೬೦ರ ಸುಮಾರಿನಿಂದ ನಡಸಿದ ಪಕ್ಷಿವಲಸೆಯ ಶೋಧಕ್ಕೆ ಈ ಶಂಕೆಯೂ ಒಂದು ನಿಮಿತ್ತವಾಯಿತು. ಹಕ್ಕಿಗಳ ವಿಷಯದಲ್ಲಿ ಅದರಿಂದ ಅಮೂಲ್ಯವಾದ ಜ್ಞಾನ ದೊರೆಯಿತು. ರೋಗದ ಮೂಲವು ಮಾತ್ರ ಮಲೆನಾಡಿನ ನೆಲದಲ್ಲಿಯೇ ಅರಸಬೇಕಾಗಿ ಬಂತು. ಹೀಗೆ ಮೊದಲಿನ ಶಂಕೆಗಳೆಲ್ಲ ಕಣ್ಣಿಗೆ ಬೀಳುವ ಪ್ರಾಣಿಯನ್ನೇ ಹಿಡಿದುವು: ಒಮ್ಮೆ ಮರದಿಂದ ಬಿದ್ದ ಮಂಗ, ಒಮ್ಮೆ ಬಾನಿನಲ್ಲಿ ಬಂದ ಹಕ್ಕಿ. ತರಗೆಲೆಯ ಕೆಳಗಿನ ಎಳ್ಳಿಗಿಂತ ಚಿಕ್ಕದಾದ ಜಂತುವಿನ ಕಡೆಗೆ ದೃಷ್ಟಿ ತಿರುಗಲು ಸಾಧನವೂ ಸಹನೆಯೂ ಬೇಕಾದುವು. ಜನರಿಟ್ಟ ಹೆಸರು ಅಷ್ಟು ಕಾಲ ಕಾಯಲಿಲ್ಲ. ಮಂಗ ಸತ್ತಿತು, ಬಳಿಕ ಮನುಷ್ಯನು ಸತ್ತನು. ಈ ಅನುಕ್ರಮವನ್ನೇ ಕಾರ್ಯಕಾರಣಭಾವವಾಗಿ ಗ್ರಹಿಸಿ ‘ಮಂಗನ ಕಾಯಿಲೆ’ ಎಂದರು. ಆ ಕಾಲದಲ್ಲಿ ಅದಕ್ಕಿಂತ ಉತ್ತಮವಾದ ಹೆಸರು ಯಾರಿಗೂ ಸಾಧ್ಯವಿರಲಿಲ್ಲವೆಂಬುದನ್ನು ಒಪ್ಪಲೇಬೇಕು.

(೩)

‘ಮಂಗನ’ ಎಂಬಲ್ಲಿಯ ಷಷ್ಠೀ ವಿಭಕ್ತಿಗೆ ಅರ್ಥವೇನು? ಷಷ್ಠಿಯು ಸಂಬಂಧಮಾತ್ರವನ್ನು ಹೇಳುವುದು; ಯಾವ ಸಂಬಂಧವೆಂಬುದನ್ನು ಪ್ರಸಂಗವು ನಿಶ್ಚಯಿಸುವುದು. ಮಂಗನಿಗೆ ಬರುವ ಕಾಯಿಲೆ ಎಂದರೆ ಸತ್ಯ. ಮಂಗದ ಮರಣದಿಂದ ಗೊತ್ತಾಗುವ ಕಾಯಿಲೆ ಎಂದರೂ ಸತ್ಯ. ಮಂಗದಿಂದ ಮನುಷ್ಯನಿಗೆ ನೇರವಾಗಿ ಬರುವ ಕಾಯಿಲೆ ಎಂದರೆ ಸುಳ್ಳು. ಕೇಳುವವರ ಮನಸ್ಸಿನಲ್ಲಿ ಮೂಡುವುದಾದರೋ ಈ ಮೂರನೆಯ ಅರ್ಥವೇ.

ತರ್ಕಶಾಸ್ತ್ರದಲ್ಲಿ ಹೇತುವು ಎರಡು ಬಗೆ: ಕಾರಕ, ಜ್ಞಾಪಕ. ಬೆಂಕಿಯು ಹೊಗೆಗೆ ಕಾರಕಹೇತು. ಹೊಗೆಯು ಬೆಂಕಿಗೆ ಜ್ಞಾಪಕಹೇತು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದೇ ಹೊರತು ಹೊಗೆಯೇ ಮನೆಯನ್ನು ಸುಟ್ಟಿತೆನ್ನಲಾಗದು. ಈ ರೋಗದಲ್ಲಿ ಉತ್ಪಾದಕವಾದುದು ವೈರಸ್. ಅದನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಒಯ್ಯುವುದು ಉಣ್ಣೆ. ಮಂಗದ ಮರಣವು ಮುಖ್ಯವಾಗಿ ಜ್ಞಾಪಕ. ಜ್ಞಾಪಕವನ್ನು ಕಾರಕದ ಪೀಠದಲ್ಲಿ ಕುಳ್ಳಿರಿಸಿದುದೇ ಈ ಹೆಸರಿನ ದೋಷ. ಮಂಗವು ಕೇವಲ ಸಾಕ್ಷಿಯೆಂದು ಹೇಳಿದರೂ ತಪ್ಪಾದೀತು. ರೋಗ ಹಿಡಿದ ಮಂಗದ ರಕ್ತದಲ್ಲಿ ವೈರಸ್ ವಿಪುಲವಾಗುತ್ತದೆ. ಅದನ್ನು ಕಚ್ಚಿದ ಉಣ್ಣೆಯ ಮರಿಗಳು ವೈರಸ್ಸನ್ನು ಪಡೆಯುತ್ತವೆ. ಮಂಗ ಸತ್ತಾಗ ಆ ಮರಿಗಳು ಸುತ್ತಲಿನ ನೆಲಕ್ಕೆ ಉದುರಿ, ಮುಂದಿನ ಅವಸ್ಥೆಗೆ ಬಂದಾಗ ಆ ಸ್ಥಳವನ್ನು ಅಪಾಯಸ್ಥಾನವನ್ನಾಗಿ ಮಾಡುತ್ತವೆ. ಮಂಗ ಸತ್ತ ಸ್ಥಳದ ಸುತ್ತ ಐವತ್ತು ಮೀಟರ್ ದೂರದವರೆಗೆ ಕೀಟನಾಶಕವನ್ನು ಎರಚುವ ಪದ್ಧತಿಗೆ ಇದೇ ಆಧಾರ. ಆದರೆ ಅಲ್ಲಿಯೂ ಮನುಷ್ಯನನ್ನು ಕಚ್ಚುವುದು ಉಣ್ಣೆಯೇ.

ಈ ದೋಷವು ಶಬ್ದದಲ್ಲಿಯೇ ನಿಲ್ಲುವುದಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯಿರುವುದು ನಿಶ್ಚಯ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇದು ಪಾಠಶಾಲೆಯ ಬಾಲಕರಿಗೂ ಗೊತ್ತಿರುವ ದೃಷ್ಟಾಂತ. ಅದರಂತೆಯೇ ಮಂಗ ಸತ್ತ ಸುದ್ದಿಯಿಲ್ಲದ ಹಳ್ಳಿಯಲ್ಲಿಯೂ ರೋಗವು ಕಾಣಿಸಿಕೊಳ್ಳಬಹುದು, ಕಾಣಿಸಿಕೊಂಡದ್ದೂ ಉಂಟು. ‘ಇಲ್ಲಿ ಮಂಗ ಸತ್ತಿಲ್ಲ’ ಎಂಬ ಧೈರ್ಯದಿಂದ ಬರಿಗಾಲಿನಲ್ಲಿ ಕಾಡನ್ನು ಹೊಗುವವನಿಗೆ ಆ ಧೈರ್ಯವನ್ನು ಕೊಟ್ಟುದು ಹೆಸರು. ಮಂಗಗಳನ್ನು ಓಡಿಸಿದರೆ ರೋಗ ಹೋಗುವುದೆಂದು ತಿಳಿಯುವವನು ಹೊಗೆಯನ್ನು ಬೀಸಿ ಬೆಂಕಿಯನ್ನು ಆರಿಸಹೊರಟವನಿಗೆ ಸಮಾನನು. ಈ ರೋಗದಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಮೃತರಾಗುವರೆಂದು ವೈದ್ಯರ ಲೆಕ್ಕ. ವೈರಸ್ಸನ್ನೇ ಕೊಲ್ಲುವ ನಿಶ್ಚಿತವಾದ ಔಷಧವಿಲ್ಲ. ಬಹುಕಾಲ ಬಳಕೆಯಲ್ಲಿದ್ದ ಲಸಿಕೆಯೂ ಸಾಕಷ್ಟು ಫಲಕಾರಿಯಲ್ಲವೆಂದು ನಿಂತುಹೋಯಿತು. ಹೀಗಿರುವಾಗ ಸರಿಯಾದ ತಿಳಿವಳಿಕೆಯೇ ಬಹುಪಾಲು ರಕ್ಷೆ. ಹೆಸರಿನ ಪರೀಕ್ಷೆಗೆ ಪ್ರಯೋಜನವಿರುವುದು ಇಲ್ಲಿ.

(೪)

ಇನ್ನು ಉಣ್ಣೆಯ ವಿಚಾರ. ಉಣ್ಣೆ, ಉಣ್ಣಿ, ಉಣುಗು ಎಂದು ಕನ್ನಡದಲ್ಲಿ ಇದಕ್ಕೆ ರೂಪಗಳು ಹಲವು. ತಮಿಳು ಮಲೆಯಾಳಗಳಲ್ಲಿಯೂ ಉಣ್ಣಿಯೆಂಬ ರೂಪವುಂಟು. ‘ಉಣ್’ ಧಾತುವಿನ ಛಾಯೆ ಇವುಗಳಲ್ಲಿ ಸ್ಪಷ್ಟವಾಗಿ ತೋರುವುದು. ಉಣ್ಣುವುದನ್ನೇ ಲಕ್ಷಣವಾಗಿ ಹಿಡಿದ ಹೆಸರು ಈ ಜಂತುವಿಗೆ ಅನ್ವರ್ಥವೇ ಸರಿ. ಅದರ ಜೀವನವೆಲ್ಲ ಮೂರು ಊಟಗಳ ಕಥೆಯೆಂಬುದು ಮುಂದೆ ತಿಳಿಯುವುದು.

ಕನ್ನಡ ಸಾಹಿತ್ಯದಲ್ಲಿ ಉಣ್ಣೆಗೆ ದೊರೆತಿರುವ ಸ್ಥಾನ ಒಂದೇ ಒಂದು ದೃಷ್ಟಾಂತದ್ದು. ಹಸುವಿನ ಕೆಚ್ಚಲಿಗೆ ಅಂಟಿದ್ದರೂ ಅದಕ್ಕೆ ದಕ್ಕುವುದು ರಕ್ತ, ಹಾಲಲ್ಲ. ಹಾಗೆಯೇ ಅಜ್ಞಾನಿಯು ಸಜ್ಜನರ ಸಮೀಪದಲ್ಲಿದ್ದರೂ ಸಾರವನ್ನು ಅರಿಯನು ಎಂಬುದು ಅದರ ತಾತ್ಪರ್ಯ. ತಾವರೆಯ ಕೆಳಗಿನ ಕಪ್ಪೆಗೂ ಕೆಚ್ಚಲಿನ ಉಣ್ಣೆಗೂ ನೀತಿಬೋಧೆಯಲ್ಲಿ ಒಂದೇ ಪಂಕ್ತಿ. ದೃಷ್ಟಾಂತವು ಸುಂದರವಾಗಿದೆ; ಅದರ ಅವಲೋಕನವೂ ನಿಜವಾಗಿದೆ. ಕೆಚ್ಚಲಿನ ಮೆದುವಾದ ತೊಗಲನ್ನು ಉಣ್ಣೆ ಆರಿಸಿಕೊಳ್ಳುವುದನ್ನು ಹಾಲು ಕರೆಯುವವರು ದಿನವೂ ಕಾಣುತ್ತಾರೆ. ಆದರೆ ಅದು ಉಣ್ಣೆಯ ಜೀವನದ ಕಡೆಯ ಭಾಗದ ಚಿತ್ರ ಮಾತ್ರ. ಮೊದಲಿನ ಎರಡು ಭಾಗಗಳು ಕವಿಗಳ ಕಣ್ಣಿಗೆ ಬೀಳಲಿಲ್ಲ. ಮನುಷ್ಯನ ಪ್ರಾಣಕ್ಕೆ ಎರವಾಗುವ ಭಾಗವಾದರೋ ಅವುಗಳಲ್ಲಿಯೇ ಇದೆ.

ಈ ರೋಗದ ಮುಖ್ಯ ವಾಹಕವೆಂದು ನಿರ್ಣೀತವಾದ ಉಣ್ಣೆಗೆ ವಿಜ್ಞಾನಿಗಳ ಹೆಸರು ಹೀಮಾಫಿಸಾಲಿಸ್ ಸ್ಪಿನಿಜೆರ. ಮಳೆಗಾಲದಲ್ಲಿ ಬೆಳೆದ ಹೆಣ್ಣು ಉಣ್ಣೆಯು ದನ, ಕಾಡುಕೋಣ ಮೊದಲಾದ ದೊಡ್ಡ ಪ್ರಾಣಿಗಳ ರಕ್ತವನ್ನು ಹೀರಿ ಉಬ್ಬಿ ನೆಲಕ್ಕೆ ಬಿದ್ದು ತರಗೆಲೆಗಳಲ್ಲಿ ಮೊಟ್ಟೆಯಿಟ್ಟು ಸಾಯುವುದು. ಮಳೆ ಹಿಂದಾದ ಮೇಲೆ ಆ ಮೊಟ್ಟೆಗಳಿಂದ ಆರು ಕಾಲಿನ ಅತಿಸೂಕ್ಷ್ಮವಾದ ಮರಿಗಳು ಹೊರಡುವುವು. ಇಲಿ, ಮೂಗಿಲಿ, ಅಳಿಲು, ನೆಲಕ್ಕಿಳಿಯುವ ಹಕ್ಕಿ, ಮಂಗ, ಇವುಗಳಲ್ಲಿ ಸಿಕ್ಕಿದುದನ್ನು ಹಿಡಿದು ಮೊದಲ ಊಟವನ್ನು ಮುಗಿಸಿ ಕೆಳಗುದುರಿ, ಪೊರೆ ಕಳಚಿ, ಎಂಟು ಕಾಲಿನ ಮರಿಗಳಾಗುವುವು. ಈ ಎರಡನೆಯ ಅವಸ್ಥೆಯವು ಕಾರ್ತಿಕದಿಂದ ಬೇಸಗೆಯವರೆಗೆ ಕಾಡಿನ ನೆಲದಲ್ಲಿಯೂ ಹುಲ್ಲಿನ ತುದಿಗಳಲ್ಲಿಯೂ ಕಾದಿರುವುವು. ಪುಷ್ಯ ಮಾಘಗಳ ಸುಮಾರಿಗೆ ಅವುಗಳ ಸಂಖ್ಯೆ ಹೆಚ್ಚು. ಮನುಷ್ಯನನ್ನು ಕಚ್ಚಿ ರೋಗವನ್ನು ಕೊಡುವವು ಮುಖ್ಯವಾಗಿ ಇವೇ. ಎರಡನೆಯ ಊಟವಾದ ಮೇಲೆ ಮತ್ತೆ ಪೊರೆ ಕಳಚಿ ಬೆಳೆದ ಉಣ್ಣೆಯಾಗಿ, ಮುಂದಿನ ಮಳೆಗಾಲದಲ್ಲಿ ದನದ ಮೈಯನ್ನು ಸೇರುವುದು. ಕೆಚ್ಚಲಿನಲ್ಲಿ ಕವಿ ಕಂಡುದು ಇಂತಹ ಮೂರನೆಯ ಊಟವನ್ನು.

ಪ್ರಾಚೀನರು ಹೇನು, ತಗಣೆ ಮೊದಲಾದವುಗಳನ್ನು ಸ್ವೇದಜಗಳೆಂದು, ಎಂದರೆ ಬೆವರು ಕಾವುಗಳಿಂದ ಹುಟ್ಟುವುವೆಂದು ಎಣಿಸಿದರು. ಉಣ್ಣೆಯನ್ನೂ ಆ ವರ್ಗದಲ್ಲಿ ಸೇರಿಸುವುದು ಸಹಜವಾಗಿತ್ತು. ಅದು ಅಂಡಜವೆಂಬುದು ಈಗ ಪ್ರತ್ಯಕ್ಷಸಿದ್ಧ. ಪ್ರತ್ಯಕ್ಷಕ್ಕೆ ವಿರುದ್ಧವಾದ ಲೌಕಿಕಾರ್ಥವನ್ನು ಹಿಡಿದು ನಿಲ್ಲುವುದು ಶಾಸ್ತ್ರನಿಷ್ಠೆಯಲ್ಲ. ಮೈಯಿಂದ ಹುಟ್ಟುವುದೆಂದು ತಿಳಿದವನು ಮೈಯನ್ನು ಮಾತ್ರ ತೊಳೆಯುವನು. ನೆಲದಿಂದ ಬರುವುದೆಂದು ತಿಳಿದವನು ನೆಲವನ್ನೂ ನೋಡುವನು.

(೫)

ನೆಲವನ್ನು ನೋಡುವುದೆಂದರೆ ಕಾನಸೂರಿನಂತಹ ಊರುಗಳ ನಿತ್ಯಜೀವನವನ್ನೇ ನೋಡಿದಂತೆ. ಮಲೆನಾಡಿನಲ್ಲಿ ಕಾನು ಎಂದರೆ ಸದಾ ಹಸುರಾದ ದಟ್ಟ ಕಾಡು. ಕಾನಸೂರಿನ ಹೆಸರಿನಲ್ಲಿ ಈ ಪದವೇ ಕಿವಿಗೆ ಬೀಳುತ್ತದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಆ ವಿಶೇಷಣ ಬಂದುದು ಬಿಸಿಲು ನೆಲ ಮುಟ್ಟದ ಕಾರಣದಿಂದ. ಸೊರಬ ತಾಲೂಕಿನ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬವರು ೧೮೬೮ರಲ್ಲಿಯೇ ವರದಿ ಬರೆದರು. ಕ್ಯಾಸನೂರಿನ ಕಾಡೂ ಆ ಸೀಮೆಯದೇ. ಶಿರಸಿ ಸಿದ್ದಾಪುರಗಳ ಅಡಕೆ ತೋಟಿಗರಿಗೆ ತೋಟದ ಮೇಲ್ಗಡೆಯಲ್ಲಿ ಸೊಪ್ಪಿನ ಬೆಟ್ಟಗಳುಂಟು. ಅಲ್ಲಿಂದ ಹಸಿ ಸೊಪ್ಪನ್ನು ತರುವರು, ದನಗಳನ್ನು ಮೇಯಿಸುವರು, ಮಳೆ ನಿಂತು ಎಲೆಯುದುರಿದ ಮೇಲೆ ದರಕನ್ನು ಗುಡಿಸಿ ಕೊಟ್ಟಿಗೆಗೆ ಹೊತ್ತು ತರುವರು. ದರಕನ್ನು ತರುವ ಕಾಲವೂ ಎಂಟು ಕಾಲಿನ ಮರಿ ಉಣ್ಣೆ ಕಾದಿರುವ ಕಾಲವೂ ಒಂದೇ. ಮನೆಯಂಗಳದಲ್ಲಿ ತರಗೆಲೆಯ ರಾಶಿಯಿರುವುದು ಈ ರೋಗಕ್ಕೆ ಎಡೆಗೊಡುವ ಕಾರಣಗಳಲ್ಲೊಂದೆಂದು ತೀರ್ಥಹಳ್ಳಿಯ ಸೀಮೆಯ ಪರಿಶೀಲನೆಯಿಂದ ತಿಳಿದಿದೆ.

ಹೋರ್ಹೆ ಬೊಷೆಲ್ ಎಂಬ ವಿದ್ವಾಂಸನು ೧೯೬೯ರಲ್ಲಿ ಈ ರೋಗದ ಪರಿಸರವಿಚಾರವನ್ನು ವಿಸ್ತರಿಸಿ ಬರೆದನು. ಅವನ ವಾದದ ಸಾರವಿಷ್ಟು: ಜನಸಂಖ್ಯೆ ಬೆಳೆದು ಕಾಡು ಕಡಿದು ಗದ್ದೆಗಳಾದುವು, ಉಳಿದ ಕಾಡಿನೊಳಕ್ಕೆ ದನಗಳು ಮೇಯಲು ಹೊಕ್ಕುವು, ಬೆಳೆದ ಉಣ್ಣೆಗೆ ಹಿಂದೆ ಅಪರೂಪವಾಗಿದ್ದ ದೊಡ್ಡ ಪ್ರಾಣಿಯ ರಕ್ತವು ಇದರಿಂದ ಸುಲಭವಾಯಿತು, ಬಿಸಿಲು ಬಿದ್ದ ಅಂಚುಗಳಲ್ಲಿ ಲಂಟಾನದ ಪೊದೆ ಹಬ್ಬಿ ಇಲಿ ಮೂಗಿಲಿಗಳಿಗೆ ಆಶ್ರಯವಾಯಿತು, ಹೀಗೆ ಕಾಡಿನೊಳಗೆ ಮೊದಲೇ ಗುಪ್ತವಾಗಿದ್ದ ವೈರಸ್ಸಿಗೆ ಊರಿನವರೆಗೆ ಸೇತುವೆಯಾಯಿತು. ದನದ ಮೈಯಲ್ಲಿ ವೈರಸ್ ಬೆಳೆಯುವುದೆಂದು ಇದರ ಅರ್ಥವಲ್ಲ. ದನವು ಉಣ್ಣೆಯನ್ನು ಸಾಕುತ್ತದೆ, ಅಷ್ಟೆ. ೧೯೮೨-೮೩ರ ಸುಮಾರಿನಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದ ಮೇಲೆ ಅಲ್ಲಿ ರೋಗವು ಉಗ್ರವಾಗಿ ಎದ್ದುದು ಈ ವಾದಕ್ಕೆ ಬಲವನ್ನಿತ್ತಿತು.

ಇದಕ್ಕೆ ಸದೃಶವಾದ ಉದಾಹರಣೆ ಅಮೆರಿಕದಲ್ಲಿಯೂ ಇದೆ. ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿ ೧೯೭೫ರ ಸುಮಾರಿಗೆ ಗುರುತಿಸಿದ ಉಣ್ಣೆಯ ರೋಗಕ್ಕೆ ಆ ಊರಿನ ಹೆಸರೇ ನಿಂತಿತು. ಅಲ್ಲಿಯ ಉಣ್ಣೆಗೆ ಜಿಂಕೆಯುಣ್ಣೆಯೆಂದು ಹೆಸರು. ಆದರೆ ರೋಗಾಣುವನ್ನು ಮುಖ್ಯವಾಗಿ ಧರಿಸಿರುವುದು ಬಿಳಿಗಾಲಿನ ಒಂದು ಇಲಿ. ಜಿಂಕೆಯು ಮಲೆನಾಡಿನ ದನದಂತೆ ಬೆಳೆದ ಉಣ್ಣೆಗೆ ಆಹಾರವನ್ನು ಮಾತ್ರ ಕೊಡುತ್ತದೆ. ಅಲ್ಲಿಯೂ ಹೆಸರು ಕಣ್ಣಿಗೆ ಕಾಣುವ ಪ್ರಾಣಿಯನ್ನು ಹಿಡಿಯಿತು, ಕಾಣದಿರುವುದನ್ನು ಬಿಟ್ಟಿತು.

‘ಮಂಗನ ಕಾಯಿಲೆ’ ಎಂಬ ಹೆಸರಿನ ಎರಡನೆಯ ದೋಷ ಇಲ್ಲಿ ವ್ಯಕ್ತವಾಗುವುದು. ಈ ಹೆಸರಿನಲ್ಲಿ ಮನುಷ್ಯನಿಗೆ ಪಾಲಿಲ್ಲ. ಕಡಿದ ಕಾಡಿಗೂ ಅಂಚಿನಲ್ಲಿ ಹಬ್ಬಿದ ಪೊದೆಗೂ ಪಾಲಿಲ್ಲ. ಎಲ್ಲವೂ ಒಂದು ಮೂಕಪ್ರಾಣಿಯ ಮೇಲೆ ಬಿದ್ದಿದೆ; ಅದೂ ಎಲ್ಲರಿಗಿಂತ ಮೊದಲು ಸಾಯುವ ಪ್ರಾಣಿಯ ಮೇಲೆ.

(೬)

ಉಣ್ಣೆಗೂ ಶತ್ರುಗಳುಂಟು. ಅವುಗಳಲ್ಲಿ ಒಂದು ನೆಲದಲ್ಲಿರುವ ಕೆಲವು ಬಗೆಯ ಬೂಷ್ಟು. ಇದರ ವಿಚಾರದಲ್ಲಿಯೂ ಹೆಸರುಗಳೇ ಮೊದಲು ತೊಡಕಾಗುತ್ತವೆ. ಈ ಜೀವವರ್ಗಕ್ಕೆಲ್ಲ ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ‘ಶಿಲೀಂಧ್ರ’ವೆಂಬ ಪದ ಸ್ಥಿರವಾಗಿದೆ. ಸಂಸ್ಕೃತದಲ್ಲಿ ಆ ಪದಕ್ಕೆ ಬಾಳೆಯ ಹೂವೆಂಬ ಅರ್ಥವೂ ಅಣಬೆಯೆಂಬ ಅರ್ಥವೂ ಉಂಟು. ಮೋಡದ ಗುಡುಗಿನಿಂದ ಭೂಮಿಯು ಶಿಲೀಂಧ್ರಗಳನ್ನು ತಾಳಿ ಫಲವತಿಯಾಗುವ ಭಾವವನ್ನು ಕಾಳಿದಾಸನು ಮೇಘದೂತದಲ್ಲಿ ತಂದಿರುವನು. ಗುಡುಗಿದರೆ ಅಣಬೆ ಏಳುವುದೆಂಬ ಮಾತು ಮಲೆನಾಡಿನಲ್ಲಿಯೂ ವಾಡಿಕೆಯಲ್ಲಿದೆ. ಆದರೆ ಕೊಡೆಯಂತಹ ಅಣಬೆಯು ಆ ಜೀವದ ಫಲ ಮಾತ್ರ. ಅದರ ದೇಹವೆಲ್ಲ ಮಣ್ಣಿನಲ್ಲಿಯೂ ಕೊಳೆತ ಎಲೆಯಲ್ಲಿಯೂ ಹರಡಿದ ಸೂಕ್ಷ್ಮವಾದ ಎಳೆಗಳು. ಅ‌ನೇಕ ಜಾತಿಗಳು ಕೊಡೆಯನ್ನು ಎತ್ತುವುದೇ ಇಲ್ಲ. ಅವುಗಳಿಗೆ ಜನರ ಮಾತಿನಲ್ಲಿರುವ ಬೂಷ್ಟು ಎಂಬ ಪದವೇ ಹೆಚ್ಚು ಸಮೀಪವಾದುದು. ಬೂಷ್ಟು ಎಂದರೆ ಹಪ್ಪಳದ ಡಬ್ಬಿಯನ್ನು ತೆರೆದ ಗೃಹಿಣಿಗೆ ಅರ್ಥವಾಗುತ್ತದೆ. ಶಿಲೀಂಧ್ರವೆಂದರೆ ಅವಳಿಗೆ ಅರ್ಥವಾಗದು, ಪಂಡಿತನಿಗೆ ಅಣಬೆಯೆಂದು ಅರ್ಥವಾಗುತ್ತದೆ. ಶಾಸ್ತ್ರಪದವು ಪಂಡಿತನನ್ನೂ ದಾರಿ ತಪ್ಪಿಸುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಇದಕ್ಕೆ ಪ್ರತಿಯಾಗಿ ರೈತರು ಇಟ್ಟ ಎರಡು ಹೆಸರುಗಳನ್ನು ನೋಡಬೇಕು. ಮೊದಲನೆಯದು ಅಡಕೆಯ ಕೊಳೆರೋಗ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವುದೇ ಇದರ ಲಕ್ಷಣ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯು ಇದನ್ನು ಶೋಧಿಸಿ ೧೯೧೦ರಲ್ಲಿ ಪ್ರಕಟಿಸಿದನು. ಇದಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಜೀವಿಯನ್ನು ಆಗ ಶಿಲೀಂಧ್ರಗಳಲ್ಲಿ ಎಣಿಸುತ್ತಿದ್ದರು. ಈಗ ಬೇರೆ ವರ್ಗಕ್ಕೆ ಸೇರಿಸಿದ್ದಾರೆ. ಅದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿಯ ಸಿಡಿತದಿಂದಲೂ ಗಾಳಿಯಿಂದಲೂ ಕೊನೆಯಿಂದ ಕೊನೆಗೆ ಹರಡುತ್ತವೆ. ಇದು ಸೂಕ್ಷ್ಮದರ್ಶಕದಿಂದ ತಿಳಿಯುವ ಮೊದಲೇ ಮಲೆನಾಡಿನ ತೋಟಿಗರು ಮಳೆಗೆ ಮುಂಚೆ ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಳೆಗೆ ನೀರು ಕಾರಣವೆಂದು ಹೆಸರೂ ಹೇಳಿತು, ಕೊಟ್ಟೆಯೂ ಹೇಳಿತು. ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವು ಆಮೇಲೆ ಬಂದುದು. ಕಾಫಿಯ ಎಲೆಯನ್ನು ಕೊಳೆಯಿಸುವ ಬೇರೊಂದು ಶಿಲೀಂಧ್ರಕ್ಕೆ ಕುಕ್ ಎಂಬವನು ೧೮೭೬ರಲ್ಲಿ ಈ ಕನ್ನಡ ಪದವನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದನು. ೧೯೫೮ರಲ್ಲಿ ಡಾಂಕ್ ಎಂಬವನು ‘ಕೊಳೆರೋಗ’ವೆಂದೇ ಒಂದು ಕುಲನಾಮವನ್ನು ಸ್ಥಾಪಿಸಿದನು. ಕ್ಯಾಸನೂರು, ಕೊಳೆರೋಗ ಎಂಬ ಎರಡು ಕನ್ನಡ ಪದಗಳು ಹೀಗೆ ಲೋಕದ ಶಾಸ್ತ್ರಭಾಷೆಯನ್ನು ಹೊಕ್ಕಿವೆ. ಒಂದು ಎಲ್ಲಿ ಎಂಬುದನ್ನು ಮಾತ್ರ ಹೇಳುವುದು; ಇನ್ನೊಂದು ಹೇಗೆ ಎಂಬುದನ್ನು ಹೇಳುವುದು. ಹೆಸರಾಗಿ ಎರಡನೆಯದೇ ಮೇಲು.

ಇನ್ನೊಂದು ಹೆಸರು ರೇಷ್ಮೆ ಸಾಕುವವರ ‘ಸುಣ್ಣಕಟ್ಟು’. ಈ ರೋಗದಿಂದ ಸತ್ತ ಹುಳು ಕೊಳೆಯದೆ, ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾಗುವುದು. ಆ ಬಿಳುಪು ಹುಳುವಿನದಲ್ಲ. ಹುಳುವನ್ನು ಒಳಗಿನಿಂದ ತಿಂದು ಹೊರಕ್ಕೆ ಬಂದ ಬೂಷ್ಟಿನ ಬೀಜಾಣುಗಳ ಹುಡಿ. ಅಗೋಸ್ತಿನೋ ಬಸ್ಸಿ ಎಂಬ ಇಟಲಿಯವನು ೧೮೩೫ರಲ್ಲಿ ಇದನ್ನು ಸಿದ್ಧಪಡಿಸಿದನು. ಅವನ ನೆನಪಿಗಾಗಿ ಆ ಬೂಷ್ಟಿಗೆ ಬವೇರಿಯ ಬಸ್ಸಿಯಾನ ಎಂಬ ಹೆಸರು ಬಂತು. ೧೮೭೯ರಲ್ಲಿ ಮೆಚ್ನಿಕಾಫನು ಗೋದಿಯ ದುಂಬಿಗಳನ್ನು ಕೊಲ್ಲುವ ಹಸುರು ಬೂಷ್ಟೊಂದನ್ನು ವರ್ಣಿಸಿದನು. ಅದಕ್ಕೆ ಈಗ ಮೆಟರೈಸಿಯಂ ಎಂದು ಹೆಸರು. ಈ ಎರಡು ಬೂಷ್ಟುಗಳೂ ಉಣ್ಣೆಯನ್ನು ಕೊಲ್ಲಬಲ್ಲವೆಂದು ಹಲವು ದೇಶಗಳ ಪ್ರಯೋಗಗಳಿಂದ ತಿಳಿದಿದೆ. ಅಮೆರಿಕದಲ್ಲಿ ಲೈಮ್ ರೋಗದ ಉಣ್ಣೆಯ ಮೇಲೆಯೂ ಮೆಟರೈಸಿಯಮ್ಮನ್ನು ಪ್ರಯೋಗಿಸಿದ್ದಾರೆ. ಬೀಜಾಣುವು ಉಣ್ಣೆಯ ಮೈಗೆ ಅಂಟಿ, ತೇವವಿದ್ದರೆ ಮೊಳೆತು, ಗಟ್ಟಿ ಚರ್ಮವನ್ನು ಕೊರೆದು ಒಳಹೊಕ್ಕು, ಅದನ್ನು ಕೊಂದು, ಹೆಣದ ಮೇಲೆ ಮತ್ತೆ ಬೀಜಾಣುಗಳನ್ನು ಬಿಡುವುದು. ಗಾಳಿ, ಮಳೆಹನಿ, ನೆಲದಲ್ಲಿ ಹರಿದಾಡುವ ಸಣ್ಣ ಜಂತುಗಳು, ಇವೇ ಅದರ ವಾಹನಗಳು. ಬಿಸಿಲು ಅದಕ್ಕೆ ಮೃತ್ಯು. ನೆರಳು ತೇವಗಳೇ ಜೀವ.

ಇಲ್ಲಿಂದ ಒಂದು ಊಹೆಗೆ ಎಡೆಯಿದೆ. ನೆರಳೂ ತೇವವೂ ಇರುವುದು ಕಾನಿನ ತರಗೆಲೆಯಲ್ಲಿ. ಬಿಸಿಲು ಬೀಳುವುದು ಕಡಿದ ಅಂಚಿನಲ್ಲಿ. ಬೆಳೆದ ಉಣ್ಣೆ ನೆಲಕ್ಕೆ ಬಿದ್ದು ಮೊಟ್ಟೆಯಿಡುವ ಮಳೆಗಾಲವು ಬೂಷ್ಟಿನ ಕಾಲ. ಮರಿ ಮನುಷ್ಯನನ್ನು ಕಚ್ಚುವ ಒಣಗಾಲವು ಬೂಷ್ಟಿಗೆ ಪ್ರತಿಕೂಲ. ಆದಕಾರಣ ಬೂಷ್ಟಿನಿಂದ ನೆರವನ್ನು ಬಯಸುವವರು ಪುಷ್ಯಮಾಸದ ಮರಿಯನ್ನಲ್ಲ, ಶ್ರಾವಣದ ತಾಯಿಯನ್ನು ಲಕ್ಷಿಸಬೇಕೆಂದು ತೋರುವುದು. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಪ್ರಯೋಗವೇ ಇದಕ್ಕೆ ಪ್ರಮಾಣವಾಗತಕ್ಕದ್ದು. ಅಲ್ಲದೆ ಉಣ್ಣೆಯನ್ನು ಕೊಲ್ಲುವ ಬೂಷ್ಟು ರೇಷ್ಮೆಹುಳುವಿಗೂ ಸುಣ್ಣಕಟ್ಟು ತರುವುದೆಂಬುದನ್ನು ಮರೆಯಲಾಗದು. ಒಂದು ಸೀಮೆಯಲ್ಲಿ ಔಷಧವಾದುದು ಇನ್ನೊಂದು ಸೀಮೆಯಲ್ಲಿ ರೋಗವೇ ಆಗಿದೆ.

(೭)

ಈಗ ಪೂರ್ವಪಕ್ಷಗಳನ್ನು ವಿಚಾರಿಸಬೇಕು. ‘ರೂಢಿಯು ಯೋಗಾರ್ಥಕ್ಕಿಂತ ಬಲವಾದುದು, ಮಂಗನ ಕಾಯಿಲೆಯೆಂಬುದು ರೂಢನಾಮ, ಅವಯವಾರ್ಥವನ್ನು ಹಿಡಿದು ದೂಷಿಸುವುದು ಸಲ್ಲದು’ ಎಂಬುದು ಒಂದು. ಅವಯವಾರ್ಥವು ಮರೆತುಹೋಗಿದ್ದರೆ ಈ ಸಮಾಧಾನ ಸಲ್ಲುತ್ತಿತ್ತು. ‘ಮಂಗ’ ಎಂಬ ಪದ ಇನ್ನೂ ಜೀವಂತವಾಗಿದೆ. ಮಂಗವೂ ಮನೆಯ ಹಿಂದಣ ಮರದಲ್ಲಿದೆ. ಅರ್ಥವು ಕಣ್ಣೆದುರಿಗೇ ಕುಳಿತಿರುವಾಗ ರೂಢಿಯು ಅದನ್ನು ಅಪಹರಿಸಲಾರದು.

‘ಕಾಗೆಗಳಿಂದ ಮೊಸರನ್ನು ಕಾಪಾಡು ಎಂದರೆ ನಾಯಿ ಬೆಕ್ಕುಗಳಿಂದಲೂ ಕಾಪಾಡೆಂದು ತಿಳಿಯುವಂತೆ, ಮಂಗವೆಂಬುದು ಉಪಲಕ್ಷಣ’ ಎಂಬುದು ಎರಡನೆಯದು. ಈ ಸಮಾಧಾನ ಚಮತ್ಕಾರವಾಗಿದೆ, ಆದರೆ ನಿಲ್ಲುವುದಿಲ್ಲ. ಕಾಗೆಯು ತಾನೇ ಮೊಸರನ್ನು ಕೆಡಿಸುವುದು. ಆದುದರಿಂದ ಕೇಳುವವನು ಕೆಡಿಸುವ ಇತರ ಪ್ರಾಣಿಗಳನ್ನು ಸೇರಿಸಿಕೊಳ್ಳುವನು. ಮಂಗವು ರೋಗಕ್ಕೆ ತುತ್ತಾಗುವ ಪ್ರಾಣಿ. ಅದರಿಂದ ಕೇಳುವವನ ಬುದ್ಧಿ ಹೆಚ್ಚೆಂದರೆ ಮುಸುವಕ್ಕೆ ಹರಿಯಬಹುದು. ಅದೂ ಈ ರೋಗದಿಂದ ಸಾಯುತ್ತದೆ. ಉಣ್ಣೆಯ ಕಡೆಗೆ ಮಾತ್ರ ಹರಿಯುವುದಿಲ್ಲ.

ಮೂರನೆಯ ಪಕ್ಷಕ್ಕೆ ಸತ್ತ್ವವಿದೆ. ‘ಜ್ಞಾಪಕವನ್ನು ಹೇಳುವ ಹೆಸರೂ ಉಪಕಾರಿಯೇ, ಸತ್ತ ಮಂಗವನ್ನು ಕಂಡೊಡನೆ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕೆಂಬ ಎಚ್ಚರವನ್ನು ಈ ಹೆಸರೇ ಜನರಲ್ಲಿ ಹುಟ್ಟಿಸಿದೆ’ ಎಂಬುದು ಅದು. ಇದನ್ನು ಒಪ್ಪತಕ್ಕದ್ದೇ. ಆದುದರಿಂದ ಹಳೆಯ ಹೆಸರನ್ನು ಕಿತ್ತೊಗೆಯಬೇಕೆಂದು ವಾದಿಸುವುದು ಉಚಿತವಲ್ಲ. ಕಿತ್ತೊಗೆದರೂ ಅದು ಹೋಗದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೊಸ ರೋಗಗಳಿಗೆ ಊರು, ವ್ಯಕ್ತಿ, ಪ್ರಾಣಿಗಳ ಹೆಸರನ್ನು ಇಡಬಾರದೆಂದು ವಿಧಿಸಿತು. ಆ ನಿಯಮಕ್ಕೆ ಅರ್ಧ ಶತಮಾನಕ್ಕಿಂತ ಮೊದಲೇ ಹುಟ್ಟಿದ ಈ ರೋಗಕ್ಕೆ ಊರಿನ ಹೆಸರೂ ಪ್ರಾಣಿಯ ಹೆಸರೂ ಎರಡೂ ಅಂಟಿಕೊಂಡಿವೆ.

ಸಿದ್ಧಾಂತವೇನೆಂದರೆ, ಹೆಸರು ಸೂಚನೆಯಾಗಿ ಉಳಿಯಲಿ, ನಿರ್ಣಯವಾಗಿ ಉಳಿಯಬಾರದು. ‘ಮಂಗನ ಕಾಯಿಲೆ’ ಎಂದು ಬರೆಯುವೆಡೆಯಲ್ಲೆಲ್ಲ ‘ಉಣ್ಣೆಜ್ವರ’ವೆಂಬ ಪದವನ್ನೂ ಜೊತೆಯಲ್ಲಿ ಬರೆಯುವುದು ಯುಕ್ತ. ಅದು ಎರಡೇ ಪದಗಳಲ್ಲಿ ವಾಹಕವನ್ನೂ ಲಕ್ಷಣವನ್ನೂ ಹೇಳುತ್ತದೆ, ಕೊಳೆರೋಗ, ಸುಣ್ಣಕಟ್ಟುಗಳನ್ನು ನಿರ್ಮಿಸಿದ ಬುದ್ಧಿಯ ಜಾಡಿನಲ್ಲಿಯೇ ಇದೆ. ಅಮೆರಿಕದ ಲೈಮ್ ರೋಗವೂ ಉಣ್ಣೆಯದೇ ಅಲ್ಲವೇ, ಅತಿವ್ಯಾಪ್ತಿಯಾಗದೇ ಎಂದರೆ, ಮಲೆನಾಡಿನ ಮಾತಿನಲ್ಲಿ ಆ ಸಂದೇಹಕ್ಕೆ ಪ್ರಸಕ್ತಿಯಿಲ್ಲ.

ಸಾಹಿತ್ಯಾಧ್ಯಾಪಕರಿಗೂ ಇದರಲ್ಲಿ ಒಂದು ಕರ್ತವ್ಯವುಂಟು. ಕೆಚ್ಚಲಿನ ಉಣ್ಣೆಯ ದೃಷ್ಟಾಂತವನ್ನು ಪಾಠ ಹೇಳುವಾಗ, ಆ ಉಣ್ಣೆಯು ಕೆಚ್ಚಲಿಗೆ ಬರುವ ಮೊದಲು ಎಲ್ಲೆಲ್ಲಿ ಇತ್ತೆಂಬುದನ್ನು ನಾಲ್ಕು ಮಾತಿನಲ್ಲಿ ಸೇರಿಸಿದರೆ ದೃಷ್ಟಾಂತದ ಸೊಗಸು ಕುಂದುವುದಿಲ್ಲ. ಸಿದ್ದಾಪುರ, ಸೊರಬ, ಸಾಗರಗಳ ಶಾಲೆಯಲ್ಲಿ ಕುಳಿತ ಹುಡುಗನು ಸಂಜೆ ಮನೆಗೆ ಹೋಗಿ, ದರಕು ಗುಡಿಸಿ ಬಂದ ತಾಯಿಗೆ ಬಿಸಿನೀರಿನ ಸ್ನಾನ ಮಾಡೆಂದೂ ಉಟ್ಟ ಬಟ್ಟೆಯನ್ನು ಬೇರೆ ಇಡೆಂದೂ ಹೇಳುವಂತಾದರೆ, ಒಂದು ಹೆಸರಿನ ವಿಮರ್ಶೆಗೆ ಅದಕ್ಕಿಂತ ಹೆಚ್ಚಿನ ಫಲವನ್ನು ಅಪೇಕ್ಷಿಸಬೇಕಾದುದಿಲ್ಲ.